ಗೆರೆಯಕ್ಕನ ಓರೆ ಗೆರೆಗಳು

ಕಿಟಕಿಯಾಚೆ ಆಕಾಶ ಇನ್ನೂ ಬೂದಿ ಬಣ್ಣದಲ್ಲಿದೆ. ಪ್ರಯೋಗಾಲಯದ ಮೂಲೆಯಲ್ಲಿ ಒಂದು ಮೇಜು, ಎದುರುಬದುರು ಎರಡು ಕುರ್ಚಿ. ಒಂದರಲ್ಲಿ ರಾತ್ರಿ ಪಾಳಿ ಮುಗಿಸಿದ ಕಾವಲುಗಾರರು ದಪ್ಪ ಕಡ್ಡಿಯ ಕನ್ನಡಕ ಹಾಕಿಕೊಂಡು, ಆಕಳಿಕೆ ನುಂಗುತ್ತ ಕೂತಿದ್ದಾರೆ. ಇನ್ನೊಂದರಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಮೇಜಿಗೆ ಮೊಣಕೈ ಊರಿ ಅವರ ಮುಖವನ್ನೇ ನೋಡುತ್ತಿದ್ದಾರೆ.

"ಏನು ಕಾಣ್ತಿದೆ ಮೇಡಂ?"

"ನಿಮ್ಮ ಎಡಗಣ್ಣು."

"ಬಲಗಣ್ಣು?"

"ಅದು ಹಸಿರೊಳಗೆ ಮುಳುಗಿದೆ. ಆ ಕಡೆ ಇರೋದು ಹಳೇ ಗಾಜು."

"ಮುಳುಗಿರಲಿ ಬಿಡಿ, ಅದು ಆಗಲೇ ನಿದ್ದೆ ಹೋಗಿದೆ."

ಆಕೆ ಆಡಿದ ಮಾತೆಲ್ಲ ಕಾವಲುಗಾರರ ಕಣ್ಣೆದುರು ಹಸಿರು ಅಕ್ಷರಗಳಾಗಿ ತೇಲುತ್ತಿದೆ. ಕಿವಿ ಕೇಳದವರಿಗೆಂದು ತಯಾರಾಗುತ್ತಿರುವ ಕನ್ನಡಕ ಅದು. ಅದರ ಗಾಜಿನ ವಿನ್ಯಾಸ ಆಕೆಯದು. ಇಲ್ಲಿ ಎಲ್ಲರೂ ಅವರನ್ನು ಗೆರೆಯಕ್ಕ ಎನ್ನುತ್ತಾರೆ. ತಾವು ಮಾಡಿದ ಕನ್ನಡಕವನ್ನು ಅವರು ಹಾಕಿಕೊಳ್ಳುವುದು ಅಪರೂಪ.

"ಹಾಕ್ಕೊಂಡು ನೋಡೋರು ಬೇಕಾದಷ್ಟು ಜನ ಇದ್ದಾರೆ. ಎದುರಿಗೆ ಕೂತು ನೋಡೋರು ಯಾರಿದ್ದಾರೆ ಹೇಳಿ?" ಎನ್ನುತ್ತಾರೆ.

ಇಷ್ಟು ಬೇಗ ಬರುವುದಕ್ಕೂ ಕಾರಣವಿದೆ. ಗಾಜಿನಿಂದ ಹೊರಕ್ಕೆ ಸೋರುವ ಹಸಿರು ನಡುಹಗಲಿನ ಬಿಸಿಲಲ್ಲಿ ತಪ್ಪಿಸಿಕೊಳ್ಳುತ್ತದೆ. ಮಬ್ಬಿನಲ್ಲಿ ಅದಕ್ಕೆ ಅಡಗಲು ಜಾಗವಿಲ್ಲ. ಇವತ್ತು ಗಾಜಿನ ಅಚ್ಚು ಅಂತಿಮವಾಗಬೇಕು. ಆಮೇಲೆ ಒಂದು ಗೆರೆಯನ್ನೂ ಅಲುಗಿಸುವಂತಿಲ್ಲ.

ಗೆರೆ ಎಂದರೆ ಎಂಥ ಗೆರೆ. ಒಂದು ತಲೆಗೂದಲಿನ ಅಗಲದಲ್ಲಿ ಸುಮಾರು ಇನ್ನೂರು ಹಿಡಿಸುತ್ತವೆ. ಕನ್ನಡಕದ ಕಡ್ಡಿಯಲ್ಲಿ ಬಟಾಣಿ ಗಾತ್ರದ ದೀಪವೊಂದಿದೆ. ಅಕ್ಷರಗಳನ್ನು ಹೊತ್ತ ಅದರ ಬೆಳಕು ಗಾಜಿನ ಮೇಲೆ ಗೆರೆಗಳೇ ತುಂಬಿದ ಒಂದು ಕಿಂಡಿಯಲ್ಲಿ ಒಳಗಿಳಿಯುತ್ತದೆ. ಉಗುರಿಗಿಂತ ತುಸು ದಪ್ಪದ ಆ ಗಾಜಿನೊಳಗೆ ಗೋಡೆಯಿಂದ ಗೋಡೆಗೆ ಪುಟಿಯುತ್ತ ಸಾಗಿ, ಕಣ್ಣಿನ ಮುಂದೆ ಬಂದಾಗ ಅಲ್ಲಿನ ಗೆರೆಗಳು ಅದನ್ನು ಸ್ವಲ್ಪ ಸ್ವಲ್ಪವೇ ಹೊರಗೆ ಬಗ್ಗಿಸುತ್ತವೆ. ಎರಡು ಗೆರೆಗಳ ನಡುವಿನ ಅಂತರ ಹಸಿರು ಬೆಳಕಿನ ಒಂದು ಅಲೆಗಿಂತಲೂ ಕಡಿಮೆ. ಬೆಳಕಿಗೆ ದಾರಿ ತೋರಿಸಲು ಬೆಳಕಿಗಿಂತ ಸಪೂರವಾದ ಬೆರಳು ಬೇಕು. ಆ ಗೆರೆಗಳನ್ನು ಬರಿಗಣ್ಣಿನಿಂದ ಯಾರೂ ಕಂಡಿಲ್ಲ, ಎಳೆದವರೂ ಕಂಡಿಲ್ಲ. ಈ ಮಾತು ಹೇಳುವಾಗ ಗೆರೆಯಕ್ಕನ ದನಿ ಈಗಲೂ ತಗ್ಗುತ್ತದೆ.

ಭೌತಶಾಸ್ತ್ರ ಓದಿ, ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿ, ಬೇರೆಯವರ ಲೆಕ್ಕ ಸರಿ ಇದೆಯೇ ಎಂದು ನೋಡುವ ಕೆಲಸಕ್ಕೆ ಇಲ್ಲಿ ಸೇರಿದವರು ಅವರು. ಸರಿನೋಡುತ್ತ ನೋಡುತ್ತ ಗೆರೆ ಎಳೆಯಲು ಕೂತರು. ಗೆರೆಯ ಆಳ, ಓರೆ, ಅಂತರ ಇವನ್ನು ಒಂದಿಷ್ಟೇ ಬದಲಿಸಿ ಕಂಪ್ಯೂಟರಿಗೆ ಕೊಡುತ್ತಾರೆ. ಬೆಳಕು ಎಲ್ಲೆಲ್ಲಿಗೆ ಹೋಯಿತು ಎಂದು ಅದು ತಾಸುಗಟ್ಟಲೆ ಲೆಕ್ಕ ಹಾಕುತ್ತದೆ. ದಿನಕ್ಕೆ ನಲವತ್ತು ವಿನ್ಯಾಸ ಹುಟ್ಟಿದರೆ ನಲವತ್ತೂ ಕಸಕ್ಕೆ ಹೋಗುವ ದಿನಗಳೇ ಹೆಚ್ಚು. "ಬೇಜಾರಾಗಲ್ವಾ?" ಎಂದರೆ, "ಬೆಳಕು ನನ್ನ ಮಾತು ಯಾಕೆ ಕೇಳಬೇಕು ಹೇಳಿ? ಅದು ನಮ್ಮ ಮನೆ ಆಳಾ?" ಎಂದು ನಗುತ್ತಾರೆ.

ಅವರ ಗಂಡ ಭೂಗೋಳದ ಮೇಷ್ಟ್ರು. ಮೂರು ವರ್ಷದ ಹಿಂದೆ ಜ್ವರವೊಂದು ಬಂದು ಹೋಗುವಾಗ ಅವರ ಎರಡೂ ಕಿವಿಗಳನ್ನು ಕೊಂಡೊಯ್ದಿತು. ಹೆಂಡತಿಯ ಮೊದಲ ಕನ್ನಡಕ ತಯಾರಾದಾಗ ಅದನ್ನು ಹಾಕಿಕೊಂಡು, ಹೊಸ ಅಳಿಯನ ಹಾಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ತರಗತಿಗೆ ಹೋದರು. ಮಕ್ಕಳ ಮಾತು ಒಂದೂ ತಪ್ಪದೆ ಕಣ್ಣೆದುರು ಮೂಡಿತು. ಮೂರನೇ ಬೆಂಚಿನ ಹುಡುಗಿಯನ್ನು ನೋಡಿ, "ನೀನು ಹೇಳಮ್ಮ" ಎಂದರು. ನಾಲ್ಕು ಜನ ಎದ್ದು ನಿಂತರು. ಕಿಟಕಿಯ ಕಡೆಯವನನ್ನು ದಿಟ್ಟಿಸಿದರೆ ಗೋಡೆಯ ಕಡೆಯವನು ಹೆದರಿದ. ಮಕ್ಕಳಿಗೆ ಮೇಷ್ಟ್ರ ಕಣ್ಣು ಕಾಣುತ್ತಿರಲಿಲ್ಲ, ಕಣ್ಣಿದ್ದಲ್ಲಿ ಎರಡು ಹಸಿರು ತೇಪೆಗಳಷ್ಟೇ ಕಾಣುತ್ತಿದ್ದವು. ಆ ಗಾಜಿನ ನೆಟ್ಟಗಿನ ಗೆರೆಗಳು ಬೆಳಕನ್ನು ಎರಡೂ ಕಡೆಗೆ ಸಮವಾಗಿ ಚೆಲ್ಲುತ್ತವೆ. ಹಾಕಿಕೊಂಡವರ ಕಣ್ಣಿಗೆ ಎಷ್ಟೋ, ಎದುರಿನವರ ಮುಖಕ್ಕೂ ಅಷ್ಟೇ.

"ಪಾಠ ಬಾಯಲ್ಲಿ ಮಾಡ್ತಾರೆ ಅಂದ್ಕೊಂಡಿದ್ದೀಯಾ?" ಅಂದು ಸಂಜೆ ಮೇಷ್ಟ್ರು ಹೆಂಡತಿಗೆ ಹೇಳಿದರು. "ಅರ್ಧ ಪಾಠ ಕಣ್ಣಲ್ಲೇ ಕಣೇ. ನಾನು ಯಾರನ್ನ ನೋಡ್ತಿದ್ದೀನಿ ಅಂತ ಮಕ್ಕಳಿಗೆ ಗೊತ್ತಾಗದಿದ್ರೆ ನಾನ್ಯಾಕೆ, ಗೋಡೆ ಮೇಲಿನ ನಕಾಶೆ ಸಾಲದಾ?"

ಕನ್ನಡಕ ಡಬ್ಬಿ ಸೇರಿತು, ಮೇಷ್ಟ್ರು ಶಾಲೆಗೆ ಹೋಗುವುದನ್ನು ಬಿಟ್ಟರು. ಮನೆಯಲ್ಲಿ ಮಾತು ಕಡಿಮೆಯಾಯಿತು. ಹೊಸ ಶಾಲಾ ವರ್ಷದ ತರಗತಿಗಳು ಶುರುವಾಗುವವರೆಗೆ ಮೇಷ್ಟ್ರ ಜಾಗ ಖಾಲಿ ಇಡುತ್ತೇವೆ, ಆಮೇಲೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಶಾಲೆಯವರು ಹೇಳಿದ್ದಾರೆ. ಆ ದಿನ ಬರುವ ಸೋಮವಾರ.

ಗೆರೆಗಳನ್ನು ಓರೆಯಾಗಿಸಿದರೆ ಬೆಳಕು ಹೆಚ್ಚಾಗಿ ಒಂದೇ ಕಡೆಗೆ, ಹಾಕಿಕೊಂಡವರ ಕಣ್ಣಿಗೆ ಬೀಳುತ್ತದೆ. ಅದು ಗೆರೆಯಕ್ಕನಿಗೆ ಬೇಗ ಹೊಳೆಯಿತು. ತೊಂದರೆ ಎದ್ದದ್ದು ಅಚ್ಚು ಒತ್ತುವ ಕೋಣೆಯಲ್ಲಿ. ಗಾಜಿನ ಮೇಲೆ ಅಂಟಿನಂಥ ಪದರ ಹಚ್ಚಿ, ಅಚ್ಚನ್ನು ಒತ್ತಿ, ಪದರ ಗಟ್ಟಿಯಾದ ಮೇಲೆ ಅಚ್ಚನ್ನು ಸುಲಿದು ತೆಗೆಯಬೇಕು. ಸುಲಿಯುವಾಗ ಓರೆ ಗೆರೆಗಳು ಹರಿಯುತ್ತಿದ್ದವು.

"ಗೆರೆ ಬಗ್ಗಿಸೋರು ನೀವು, ಸೊಂಟ ಬಗ್ಗೋದು ನಮ್ಮದು," ಎಂದು ಅಚ್ಚಿನ ಕೆಲಸಗಾರ ಗೊಣಗಿದ. "ಕಿಂಡಿ ಗೆರೆ ಆ ಕಡೆ ವಾಲ್ಸಿದ್ದೀರಿ, ಕಣ್ಣಿನ ಮುಂದಿನವು ಈ ಕಡೆ. ನಾನು ಯಾವ ಕಡೆಯಿಂದ ಸುಲೀಲಿ? ಒಂದೇ ಬಾಚಣಿಗೇಲಿ ಒಂದೇ ಸಲಕ್ಕೆ ಎರಡು ಕಡೆ ತಲೆ ಬಾಚೋಕಾಗುತ್ತಾ ಅಕ್ಕ?"

"ಎಲ್ಲಾ ಒಂದೇ ಕಡೆ ವಾಲಿದ್ರೆ?"

"ಬೆಕ್ಕಿನ ಮೈ ಸವರಿದ ಹಾಗೆ ತೆಗೆದುಕೊಡ್ತೀನಿ."

ಎಲ್ಲವನ್ನೂ ಒಂದೇ ಕಡೆಗೆ ವಾಲಿಸಿದರೆ ಕಿಂಡಿಯಲ್ಲಿ ಬೆಳಕು ಪೋಲಾಗುತ್ತದೆ, ಅಕ್ಷರ ಮಂಕಾಗುತ್ತದೆ. ಗೆರೆಯಕ್ಕ ಮಂಕನ್ನು ಒಪ್ಪಿಕೊಂಡು ಮೊದಲಿನಿಂದ ಲೆಕ್ಕ ಹಾಕಿದರು. ಕಾವಲುಗಾರರ ಎಡಗಣ್ಣಿನ ಮುಂದಿರುವುದು ಅದೇ ಗಾಜು.

ಪ್ರಯೋಗಾಲಯದ ಮುಖ್ಯಸ್ಥರು ಬರುವ ಹೊತ್ತಿಗೆ ಚೆನ್ನಾಗಿ ಬೆಳಗಾಗಿದೆ. ಗೆರೆಯಕ್ಕ ಪರದೆ ಎಳೆದು ಕೋಣೆಯನ್ನು ಮಬ್ಬಾಗಿಸುತ್ತಾರೆ.

"ಕೊಳ್ಳೋರು ಹೊಳಪು ಕೇಳ್ತಾರೆ," ಎನ್ನುತ್ತಾರೆ ಮುಖ್ಯಸ್ಥರು ಕನ್ನಡಕ ಹಾಕಿ ನೋಡಿ. "ಇದು ಮಂಕಾಯ್ತು."

ಗೆರೆಯಕ್ಕ ವಾದ ಮಾಡುವುದಿಲ್ಲ. ಎರಡೂ ಕಣ್ಣಿಗೆ ಹಳೇ ಗಾಜಿರುವ ಕನ್ನಡಕವನ್ನು ಕಾವಲುಗಾರರಿಗೆ ಹಾಕಿಸಿ, "ಇವರಿಗೆ ರಜೆ ಬೇಕಂತೆ, ಸ್ವಲ್ಪ ಮಾತಾಡಿ ಸಾರ್," ಎಂದು ಅವರನ್ನು ಎದುರಿಗೆ ಕೂರಿಸುತ್ತಾರೆ. ನಾಲ್ಕು ಮಾತು ಆಗುವುದರೊಳಗೆ ಎದುರಿನ ಕಣ್ಣು ಸಿಗದೆ ಮುಖ್ಯಸ್ಥರು ಮೇಜಿನ ಅಂಚಿಗೆ ರಜೆಯ ನಿಯಮ ವಿವರಿಸುತ್ತಿದ್ದಾರೆ. ಕನ್ನಡಕ ಬದಲಾಗುತ್ತದೆ. ಈಗ ಎರಡೂ ಓರೆ ಗೆರೆಯ ಗಾಜು. ಮುಖ್ಯಸ್ಥರು ತಲೆ ಎತ್ತಿ ನೋಡಿದರೆ, ಎದುರಿಗೆ ನಿದ್ದೆಗೆಟ್ಟು ಕೆಂಪಾದ ಎರಡು ಕಣ್ಣುಗಳು ನೇರವಾಗಿ ಅವರನ್ನೇ ನೋಡುತ್ತಿವೆ.

"ಹೋಗಿ ಮಲಕ್ಕೊಳ್ಳಿ, ನಾಳೆನೂ ಬರಬೇಡಿ," ಎನ್ನುತ್ತಾರೆ ಮುಖ್ಯಸ್ಥರು ಅವರಿಗೆ. ಆಮೇಲೆ ಗೆರೆಯಕ್ಕನ ಕಡೆ ತಿರುಗಿ, "ಇದನ್ನೇ ಅಚ್ಚಿಗೆ ಕಳಿಸಿ."

ಪರೀಕ್ಷೆಗೆ ಬಳಸಿದ ಆ ಓರೆ ಗೆರೆಯ ಕನ್ನಡಕವನ್ನು ಕೇಳಿ ಪಡೆದು ಗೆರೆಯಕ್ಕ ಸಂಜೆ ಮನೆಗೆ ಒಯ್ಯುತ್ತಾರೆ. ಅಡುಗೆಮನೆಯ ಸಣ್ಣ ಮೇಜಿನಾಚೆ ಮೇಷ್ಟ್ರು ಅದನ್ನು ಹಾಕಿಕೊಂಡು ಸುಮ್ಮನೆ ಕೂರುತ್ತಾರೆ. ಇವರೂ ಸುಮ್ಮನಿರುತ್ತಾರೆ. ಓದಲು ಅಕ್ಷರಗಳೇ ಇಲ್ಲ, ಗಾಜು ಬರಿದಾಗಿದೆ.

"ಏನಾದ್ರೂ ಮಾತಾಡು, ಪರೀಕ್ಷೆ ಆಗಬೇಕಲ್ವಾ?"

"ಸೋಮವಾರ ನಾನೂ ಬರ್ತೀನಿ ರೀ. ಹಿಂದಿನ ಬೆಂಚಲ್ಲಿ ಒಂದು ತಾಸು ಕೂತಿರ್ತೀನಿ. ನನ್ನ ಆಸೆ ಅಷ್ಟೇ."

ಮಂಕಾದ ಹಸಿರು ಸಾಲನ್ನು ಮೇಷ್ಟ್ರು ನಿಧಾನವಾಗಿ ಓದುತ್ತಾರೆ. ಗಾಜಿನ ಹಿಂದೆ ಅವರ ಕಣ್ಣು ಮೊದಲು ಕಿರಿದಾಗಿ, ಆಮೇಲೆ ಅರಳುವುದು ಗೆರೆಯಕ್ಕನಿಗೆ ಸ್ಪಷ್ಟವಾಗಿ ಕಾಣುತ್ತದೆ.

"ಬೇಡ ಕಣೇ," ಎನ್ನುತ್ತಾರೆ ಮೇಷ್ಟ್ರು. "ನೀನು ಬಂದ್ರೆ ಪಾಠ ಪೂರ್ತಿ ನಿನ್ನನ್ನೇ ನೋಡ್ತಾ ಇರ್ತೀನಿ. ಈಗ ಮಕ್ಕಳಿಗೆ ಗೊತ್ತಾಗಿಬಿಡುತ್ತೆ."