ಎಡಗಡೆಯ ಹೊಲಿಗೆ

ನಮ್ಮಕ್ಕ ದರ್ಜಿ. ಅವಳಿಗೆ ಟೇಪೇ ಬೇಕಿರಲಿಲ್ಲ. ಹೆಂಗಸರು ಅಂಗಡಿಯ ಹೊಸ್ತಿಲು ದಾಟುವಷ್ಟರಲ್ಲಿ ಎದೆ ಎಷ್ಟು, ಸೊಂಟ ಎಷ್ಟು ಎಂದು ಕಣ್ಣಲ್ಲೇ ಅಳೆದುಬಿಡುತ್ತಿದ್ದಳು. ಗಿರಾಕಿಗಳು ಇಟ್ಟ ಹೆಸರು ‘ಕಣ್ಣಳತೆ’. ಇಳಿದ ಭುಜವಿದ್ದರೆ ಒಳಗೊಂದು ಹತ್ತಿ ತುಂಬಿದ ಪಟ್ಟಿ ಇಟ್ಟು ಎತ್ತುವಳು, ಗೂನಿದ್ದರೆ ಹೊಲಿಗೆಯಲ್ಲೇ ಮರೆಸುವಳು. “ಮೈಯ ಐಬು ಮುಚ್ಚೋಕೆ ತಾನೆ ನಾವಿರೋದು” ಎಂದು ಜಂಬ ಬೇರೆ. ನಾನು ತಂಗಿ. ಕಾಜಾ, ಗುಂಡಿ, ಬಿಚ್ಚುವ ಕೆಲಸ ನನ್ನದು.

ಹೋದ ವರ್ಷ ಒಂದು ಬೆಳಿಗ್ಗೆ ತನ್ನದೇ ಅಂಗಿಯನ್ನು ನನ್ನ ಮಡಿಲಿಗೆ ಎಸೆದಳು.

“ಎಡಗಡೆ ಹಿಡೀತಿದೆ ಕಣೆ. ಕಾಲಿಂಚು ಬಿಡು.”

“ಬಲಗಡೆ?”

“ಅದು ಸರಿಯಾಗೇ ಇದೆ.”

ಬಿಚ್ಚಿ ಹೊಲಿದುಕೊಟ್ಟೆ. ಐದಾರು ತಿಂಗಳಾದ ಮೇಲೆ ಅದೇ ಅಂಗಿ, ಅದೇ ಮಗ್ಗುಲು. “ಬಟ್ಟೆ ಕುಗ್ಗಿರಬೇಕು” ಎಂದಳು. ಒಂದೇ ಕಡೆ ಕುಗ್ಗುವ ಬಟ್ಟೆ ಯಾವ ಲೋಕದಲ್ಲಿದೆಯೋ. ನಾನಾದರೂ ಕೇಳಬೇಕಿತ್ತು. “ಊದ್ಕೋತಿದ್ದೀಯ ಬಿಡು” ಎಂದು ನಕ್ಕು ಮತ್ತೆ ಬಿಚ್ಚಿದೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಮೂರನೆಯ ಸಲ ಬಿಟ್ಟಾಗ ಹೊಲಿಗೆಯ ಒಳಗೆ ಮಡಚಿಟ್ಟಿದ್ದ ಹೆಚ್ಚಿನ ಬಟ್ಟೆಯೆಲ್ಲ ಮುಗಿಯಿತು. ಆಗ ನನಗೆ ಗಾಬರಿಯಾಯಿತು.

“ಅಕ್ಕಾ, ಮುಟ್ಟಿ ನೋಡ್ಕೊಂಡಿದ್ದೀಯಾ?”

“ಒಂದು ಗಂಟಿದೆ. ನೋವಿಲ್ಲವಲ್ಲ, ಅದನ್ನೇನು ತೋರಿಸೋದು?”

ನನಗೆ ಮೈಯೆಲ್ಲ ಉರಿದುಹೋಯಿತು. ದಿನಕ್ಕೆ ಹತ್ತು ಹೆಂಗಸರ ಎದೆಯಳತೆ ತೆಗೆಯುವವಳಿಗೆ, ತಿಂಗಳಿಗೊಮ್ಮೆ ಬಚ್ಚಲುಮನೆಯಲ್ಲಿ ಐದು ನಿಮಿಷ ನಿಂತು ತನ್ನೆದೆಯನ್ನು ತಾನೇ ಒತ್ತಿ ನೋಡಿಕೊಳ್ಳಲು ನಾಚಿಕೆ. ನೋವಿಲ್ಲದ ಗಂಟನ್ನೇ ಮೊದಲು ತೋರಿಸಬೇಕೆಂದು ಅವಳಿಗೆ ಗೊತ್ತಿಲ್ಲ, ನನಗೂ ಸರಿಯಾಗಿ ಗೊತ್ತಿರಲಿಲ್ಲ. ಮಾರನೆಯ ದಿನವೇ ಎಳೆದುಕೊಂಡು ಹೋದೆ.

ಪರೀಕ್ಷೆಗಳೆಲ್ಲ ಮುಗಿದು ವರದಿ ಬಂದ ದಿನ ಡಾಕ್ಟರಮ್ಮ ಕೇಳಿದರು, “ಯಾವಾಗಿಂದ ಇದೆ ಇದು?”

“ಈಚೆಗೆ” ಎಂದಳು ಅಕ್ಕ.

ನಾನು ಚೀಲದಿಂದ ಆ ಅಂಗಿ ತೆಗೆದು ಒಳಮಗ್ಗುಲು ತಿರುಗಿಸಿ ಮೇಜಿನ ಮೇಲೆ ಹರಡಿದೆ. ಬಿಚ್ಚಿದ ಹೊಲಿಗೆಗಳ ಸೂಜಿತೂತು ಸಾಲುಸಾಲಾಗಿ ಕಾಣುತ್ತಿತ್ತು. “ಈ ಮೊದಲನೇ ಸಾಲು ಹದಿಮೂರು ತಿಂಗಳ ಹಿಂದಿಂದು ಡಾಕ್ಟ್ರೇ. ನಾನೇ ಬಿಚ್ಚಿದ್ದು.”

ಅವರು ಆ ಸಾಲಿನ ಮೇಲೆ ಬೆರಳಿಟ್ಟರು. “ಆವಾಗ್ಲೇ ಬಂದಿದ್ರೆ ಗಂಟಷ್ಟೇ ತೆಗೆದ್ರೆ ಸಾಕಾಗ್ತಿತ್ತೇನೋ.”

ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಯಿತು. ಎಡಗಡೆಯದನ್ನು ಪೂರ್ತಿ ತೆಗೆದರು. ಅಕ್ಕನ ಕೂದಲೂ ಹೋಯಿತು. ಇನ್ನೂ ಮದ್ದು ನಡೆದಿದೆ, ಗೆದ್ದಳು ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿಲ್ಲ. ನನ್ನ ಸಿಟ್ಟೂ ಇಳಿದಿಲ್ಲ. ಅವಳ ಮೇಲೆ ಎಷ್ಟೋ, ನನ್ನ ಮೇಲೂ ಅಷ್ಟೇ.

ಹೋದ ವಾರ ಅಂಗಡಿಗೆ ಬಂದು ಕೂತಳು. ಅದೇ ಅಂಗಿಯನ್ನು ನನ್ನ ಮುಂದಿಟ್ಟು, “ಎಡಗಡೆ ಹಿಡಿದು ಹೊಲಿ” ಎಂದಳು.

“ಒಳಗೆ ಪಟ್ಟಿ ಇಡ್ಲಾ? ಗೊತ್ತಾಗಲ್ಲ.”

“ಬೇಡ. ಗೊತ್ತಾಗ್ಲಿ. ಅಳತೆ ಕೊಡೋಕೆ ಬಂದವರು ಕೇಳ್ಲಿ, ನಾನು ಹೇಳ್ತೀನಿ.”

ಈ ಬುದ್ಧಿ ಮೊದಲನೇ ಸಲ ಬಿಚ್ಚಿಸಿದಾಗ ಎಲ್ಲಿ ಹೋಗಿತ್ತು ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು ಅಂಗಿಯನ್ನು ಮಿಷನ್ನಿಗೆ ಕೊಟ್ಟೆ. ಹಿಡಿಯಲು ಈಗ ಬಟ್ಟೆ ಬೇಕಾದಷ್ಟಿತ್ತು.