ಬಸಣ್ಣ ಅಂಕಲ್ ಮತ್ತು ಮಹಾಕಾಮ್ ನದಿಯ ಪೆಸುತ್

ಬಸಣ್ಣ ಅಂಕಲ್ ಡಾಲ್ಫಿನ್ನಿನ ಹಾಗೆ ಉಸಿರು ಬಿಡುತ್ತಿದ್ದರು. ಕೆನ್ನೆ ಉಬ್ಬಿಸಿ ಒಮ್ಮೆಲೇ ‘ಫುಸ್!’ ಅಂದರೆ, ನಮ್ಮ ಬೂನ್ ಲೇ ಫ್ಲ್ಯಾಟುಗಳ ಬ್ಲಾಕಿನ ಕೆಳಗೆ, ಗೋಡೆಯಿಲ್ಲದ ವಾಯ್ಡ್ ಡೆಕ್‌ನಲ್ಲಿ ಆಡುತ್ತಿದ್ದ ಮಕ್ಕಳೆಲ್ಲ ಓಡಿಬರುತ್ತಿದ್ದರು. “ಇದು ಸಮುದ್ರದ್ದಲ್ಲ, ನದೀದು. ಉದ್ದ ಮೂತಿ ಇರಲ್ಲ. ತಲೆ ಬೋಳು, ನನ್ನ ಥರಾನೇ.”

ಜಮಖಂಡಿಯವರು. ಬೊರ್ನಿಯೊದ ಮಹಾಕಾಮ್ ನದಿಯಲ್ಲಿ ಕಲ್ಲಿದ್ದಲು ಸಾಗಿಸುವ ಕಂಪನಿಯೊಂದರಲ್ಲಿ ಮ್ಯಾನೇಜರ್. ಅರ್ಧ ತಿಂಗಳು ಅಲ್ಲಿ, ಅರ್ಧ ತಿಂಗಳು ನಮ್ಮ ಎದುರು ಮನೆಯಲ್ಲಿ, ಆಂಟಿಯ ಜೊತೆ. ಚೀನಾಕ್ಕೆ ಎಷ್ಟು ಕಲ್ಲಿದ್ದಲು ಕಳಿಸಿದರೂ ಸಾಲದಿದ್ದ ಕಾಲ ಅದು.

ಆ ನದಿಯ ಡಾಲ್ಫಿನ್ನನ್ನು ಅಲ್ಲಿಯವರು ಪೆಸುತ್ ಎನ್ನುತ್ತಾರೆ. ಅದರ ಕತೆಯನ್ನು ಅಂಕಲ್ ನನ್ನ ಮಗಳು ಅನಘಾಗೆ ಹೇಳಿದ್ದರು. ಮಲತಾಯಿ ಉಪವಾಸ ಕೆಡವಿದ್ದ ಅಣ್ಣ ತಂಗಿ, ಒಲೆಯ ಮೇಲೆ ಕುದಿಯುತ್ತಿದ್ದ ಗಂಜಿಯನ್ನು ಹಾಗೇ ಕುಡಿದುಬಿಟ್ಟರು. ಮೈಯೆಲ್ಲ ಉರಿ ತಾಳದೆ ನದಿಗೆ ಹಾರಿ ಪೆಸುತ್ ಆದರು. ಅವು ಮೇಲೆ ಬಂದಾಗ ಚಿಮ್ಮುವುದು ಆ ಗಂಜಿಯ ಹಬೆ.

“ಅದಕ್ಕೇ ದೋಣಿಯವರು ಅವನ್ನ ನೋಡಿದ್ರೆ ಸ್ಲೋ ಮಾಡ್ತಾರೆ ಪುಟ್ಟಿ.”

“ನೀವೂ ಸ್ಲೋ ಮಾಡಿ ಲಾ, ಅಂಕಲ್!” ಇಲ್ಲಿನ ಮಕ್ಕಳ ಹಾಗೆ ‘ಲಾ’ ಸೇರಿಸಿ ಅನಘಾ ಅಂದಳು.

ಅಂಕಲ್ ಸುಮ್ಮನೆ ನಕ್ಕರು.

ಆ ವರ್ಷ ಮಳೆ ತಡವಾಗಿ ನದಿ ಇಳಿದಿತ್ತು. ಕಿರಿದಾದ ಕವಲೊಂದರಲ್ಲಿ ಅವರ ಟಗ್ ಬೋಟು ಕಲ್ಲಿದ್ದಲು ತುಂಬಿದ ಬಾರ್ಜ್ ಎಳೆದುಕೊಂಡು ಹೋಗುವಾಗ ಪೆಸುತ್ ಮರಿಯೊಂದು ಅಡಿಗೆ ಸಿಕ್ಕಿ ಸತ್ತಿತು. ಅಂಕಲ್ ಅದೇ ಬೋಟಿನಲ್ಲಿದ್ದರು. ತಾಯಿ ಮರಿಯನ್ನು ತಲೆಯಿಂದ ಎತ್ತಿ ಎತ್ತಿ ನೀರಿನ ಮೇಲೆ ಹಿಡಿಯುತ್ತಿತ್ತಂತೆ, ಉಸಿರಾಡಲಿ ಅಂತ.

ವಾಪಸ್ ಬಂದವರು ನಮ್ಮ ಮನೆಯಲ್ಲಿ ಕಾಫಿ ಮುಂದಿಟ್ಟುಕೊಂಡು ಕೂತರು. ಸದಾ ನಮ್ಮ ಹಾಗೆ ಬೆಂಗಳೂರು ಕನ್ನಡ ಆಡುತ್ತಿದ್ದವರ ಬಾಯಲ್ಲಿ ಅಂದು ಜಮಖಂಡಿಯೇ ಬಂತು.

“ನೀರು ಏರೋತನಕಾ ಆ ಕವಲಿನ್ಯಾಗ ಒಂದು ಬಾರ್ಜೂ ಬಿಡಂಗಿಲ್ಲ ಅಂತ ಆರ್ಡರ್ ಮಾಡೀನಿ.”

“ಬಾಸ್ ಏನಂದ್ರು?”

“ಮೀನಿನ ಸಲುವಾಗಿ ಹಡಗು ಕಾಯಂಗಿಲ್ಲ ಅಂದ. ಅದು ಮೀನಲ್ಲೋ ಮಾರಾಯಾ, ಮಲಿ ಕುಡಸ್ತೈತಿ ಅಂದೆ.”

ಕಲ್ಲಿದ್ದಲು ಒಯ್ಯಲು ಸಮುದ್ರದಲ್ಲಿ ನಿಂತಿದ್ದ ಹಡಗುಗಳು ಕಾದವು. ಮಳೆ ಬಂದು ನೀರು ಏರಿದ ಮೇಲೆ ಅಂಕಲ್ ಕೆಲಸ ಹೋಯಿತು, ಜೊತೆಗೆ ಈ ದೇಶದಲ್ಲಿ ಇರಲು ಬೇಕಾದ ವರ್ಕ್ ಪಾಸ್ ಕೂಡ. ಅವರೂ ಆಂಟಿಯೂ ಜಮಖಂಡಿಗೆ ಹೊರಟರು.

ಮರುವರ್ಷ ನೀರು ಇಳಿದರೂ ಆ ಕವಲಿನಲ್ಲಿ ಬಾರ್ಜ್‌ಗಳು ಓಡುತ್ತಿವೆ ಎಂದು ನನ್ನ ಗಂಡನಿಗೆ ಯಾರೋ ಹೇಳಿದರು. ಅಂಕಲ್‌ಗೆ ಫೋನ್ ಮಾಡಿದಾಗ ಅದನ್ನು ಹೇಳುವುದೋ ಬೇಡವೋ ಎಂದು ತಡವರಿಸಿದೆ. ಅವರೇ ಕೇಳಿದರು.

“ಮತ್ತ ಬಿಟ್ಟಾರೇನವಾ?”

“ಹೂಂ, ಅಂಕಲ್.”



“ಇರಲಿ. ಒಂದು ಬ್ಯಾಸಿಗಿ ಸಿಕ್ತಲ್ಲ. ಆಗ ಹುಟ್ಟಿದ ಮರಿ ಈಗ ಬಾರ್ಜ್ ತಪ್ಪಿಸಿ ಈಜೂದು ಕಲ್ತಿರತೈತಿ.”

ಅದೇ ನಾವು ಆಡಿದ ಕೊನೆಯ ಮಾತು. ಆ ದೀಪಾವಳಿಗೆ ಆಂಟಿ ಒಬ್ಬರೇ ಫೋನ್ ಮಾಡಿದರು.