ಎರಡನೆಯ ಸಲದ ಹ್ಯಾಂಡಲು

ಝಳಕಿಯಲ್ಲಿ ಹೆದ್ದಾರಿಯ ಬದಿಗೆ ಬಹಳ ವರ್ಷ ಹಿಟ್ಟಿನ ಗಿರಣಿ ನಡೆಸಿದ ಬಿಬಿಜಾನ ಇಂಜಿನ್ನಿಗೆ ಹೆದರುತ್ತಿದ್ದಳು ಎಂದರೆ ಊರವರು ಯಾರೂ ನಂಬುತ್ತಿರಲಿಲ್ಲ. ಲಗ್ನವಾಗಿ ಬಂದ ಮರುದಿನ, ಗೋಡೆಯಾಚೆ ಇಂಜಿನ್ನು ಶುರುವಾಗಿ ಅಡುಗೆಮನೆಯ ಹಿಟ್ಟು ನಾದುವ ಪರಾತ ಗದಗದ ನಡುಗಿದಾಗ ಅವಳು ಮನೆ ಬಿತ್ತೆಂದು ಬೀದಿಗೆ ಓಡಿದ್ದಳು. ಗಂಡ ಫಕೀರಸಾಬ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಅದು ಒಂದೇ ಸಿಲಿಂಡರಿನ ಡೀಸೆಲ್ ಇಂಜಿನ್ನು. ಎರಡೂ ಬದಿಗೆ ಸೊಂಟದೆತ್ತರದ ಕಬ್ಬಿಣದ ಗಾಲಿ. ಸಿಲಿಂಡರಿನ ಮುಚ್ಚಳವಾದ ಹೆಡ್ಡಿನ ಮೇಲಿನ ಚಿಕ್ಕ ಹಿಡಿಕೆ ಎತ್ತಿಟ್ಟರೆ ವಾಲ್ವೊಂದು ತೆರೆದೇ ಇರುತ್ತದೆ, ಒಳಗಿನ ಗಾಳಿಗೆ ಒತ್ತಡ ಬೀಳುವುದಿಲ್ಲ, ಗಾಲಿ ಹಗುರಾಗಿ ತಿರುಗುತ್ತದೆ. ಹ್ಯಾಂಡಲು ತಿರುಗಿಸಿ ವೇಗ ತಂದು ಆ ಹಿಡಿಕೆಯನ್ನು ಕೆಳಗೆ ಬಿಡಬೇಕು. ವೇಗ ಸಾಲದಿದ್ದರೆ ಗಾಲಿ ಹಿಂದಕ್ಕೆ ಒದೆಯುತ್ತದೆ. ಅರವತ್ತೊಂದನೇ ಇಸವಿಯ ಬೇಸಿಗೆಯಲ್ಲಿ, ಗಾಳಿ ಸೋರದಂತೆ ಹೆಡ್ಡಿನ ಕೆಳಗೆ ಇಡುವ ಪ್ಯಾಕಿಂಗು ಸುಟ್ಟು ಒತ್ತಡ ಸೋರತೊಡಗಿತು. ಎಷ್ಟು ತಿರುಗಿಸಿದರೂ ಇಂಜಿನ್ನು ಹತ್ತದು. ಫಕೀರಸಾಬ ದಣಿದ ಕೈಯಿಂದ ಮತ್ತೊಮ್ಮೆ ತಿರುಗಿಸಿದ. ಅದು ಒದೆಯಿತು. ಅವನ ಬಲ ಮುಂಗೈಯ ಎಲುಬು ಮುರಿದ ಸದ್ದು ಬಿಬಿಜಾನಳಿಗೆ ಒಲೆಯ ಮುಂದೆ ಕೇಳಿಸಿತು.

ಸೊಲ್ಲಾಪುರದಿಂದ ಹೊಸ ಪ್ಯಾಕಿಂಗು ಬಂತು, ಮಿಸ್ತ್ರಿ ಬರಲಿಲ್ಲ. ಗಿರಣಿ ಬಿಟ್ಟರೆ ಮನೆಗೆ ಬೇರೆ ದುಡಿಮೆಯಿಲ್ಲ. ಕಡೆಗೆ ಫಕೀರಸಾಬ ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಆನಿಸಿಕೊಂಡು ಸ್ಟೂಲಿನ ಮೇಲೆ ಕುಳಿತ. ಅವನು ಹೇಳಿದಂತೆ ಮಾಡಲು ಬಿಬಿಜಾನ ನಟ್ಟು ತಿರುಗಿಸುವ ಪಾನಾ ಹಿಡಿದಳು.

ಕೆಲಸಕ್ಕೆ ಅವಳು ಹೆದರಲಿಲ್ಲ. ಹೆಡ್ಡು ಬಿಚ್ಚಿ ಅದರ ತಳ ಕೆರೆದು ಒರೆಸಿ, ಪ್ಯಾಕಿಂಗು ಇಟ್ಟು, ಎದುರುಬದುರಿನ ನಟ್ಟುಗಳನ್ನು ಸ್ವಲ್ಪಸ್ವಲ್ಪವೇ ಬಿಗಿದಳು. ಆಮೇಲೆ ವಾಲ್ವಿನ ಸಂದು. ಎರಡೂ ವಾಲ್ವು ಪೂರಾ ಮುಚ್ಚಿರುವ ಜಾಗಕ್ಕೆ ಗಾಲಿಯನ್ನು ತಂದು ನಿಲ್ಲಿಸಿ, ವಾಲ್ವಿನ ತುದಿಗೂ ಅದನ್ನು ಒತ್ತುವ ತೋಳಿಗೂ ನಡುವೆ ಎರಡು ದಾಡಿ ಬ್ಲೇಡು ಕೂಡಿಸಿ ತೂರಿಸಿದಳು.

“ಹಿಡದಂಗ ಆಗಬೇಕು, ಆದ್ರ ಸರೀಬೇಕು,” ಎಂದ ಫಕೀರಸಾಬ. “ಸಂದು ಇಲ್ಲಂದ್ರ ವಾಲ್ವು ಮುಚ್ಚೂದಿಲ್ಲ. ಸುಟ್ಟ ಹೋಗ್ತೈತಿ.”

“ಸರೀತೈತ್ರಿ.”

ಉಳಿದದ್ದು ಹ್ಯಾಂಡಲು. ಬಾಗಿಲಲ್ಲಿ ಜೋಳದ ಬುಟ್ಟಿಗಳ ಜೊತೆ ಹೆಂಗಸರು ಕುಳಿತಿದ್ದರು. ಅವರಲ್ಲಿ ದೊಡ್ಡ ಬಾಯಿ ಮರೆವ್ವಳದು.

“ಏನ ಬೇ, ಮುತ್ತ ಕೊಟ್ಟು ಎಬ್ಬಸ್ತಿಯೇನು ಅದನ್ನ? ತಿರುವ ಮತ್ತ!”

“ನೀ ಬಂದು ತಿರುವ ಯಕ್ಕಾ,” ಎಂದಳು ಬಿಬಿಜಾನ. ಹೆಡ್ಡಿನ ಹಿಡಿಕೆ ಎತ್ತಿಟ್ಟು, ಹ್ಯಾಂಡಲನ್ನು ಗಾಲಿಯ ಅಚ್ಚಿಗೆ ಸಿಕ್ಕಿಸಿದಳು.

“ಹೆಬ್ಬಟ್ಟು ಹೊರಗ,” ಫಕೀರಸಾಬ ಪಿಸುಗುಟ್ಟಿದ. “ಹ್ಯಾಂಡಲ್ ಸುತ್ತ ತಗೋಬ್ಯಾಡ. ಒದ್ದರ ಕೈ ಜಾರಬೇಕು.”

ತಿರುಗಿಸಿದಳು. ಮೊದಲ ಸುತ್ತು ಕಲ್ಲು ಎಳೆದಂತೆ. ಆಮೇಲೆ ಗಾಲಿ ತಾನೇ ಅವಳನ್ನು ಎಳೆಯತೊಡಗಿತು. ಕಣ್ಣು ಮುಚ್ಚಿ ಹೆಡ್ಡಿನ ಹಿಡಿಕೆಯನ್ನು ಕೆಳಗೆ ಬಿಟ್ಟಳು. ಧಡ್ ಎಂದಿತು. ಹ್ಯಾಂಡಲು ಅಚ್ಚಿನಿಂದ ಜಾರಿ ಅವಳ ಕೈಯಲ್ಲೇ ಉಳಿಯಿತು. ಮತ್ತೆ ಧಡ್, ಧಡ್. ಸೂರಿನ ಮೇಲಿನ ಕೊಳವೆಯಿಂದ ಹೊಗೆ ಹಾರಿತು. ಹೆಂಗಸರು ಹೋ ಎಂದು ಬುಟ್ಟಿ ಎತ್ತಿಕೊಂಡರು.

ಬಿಬಿಜಾನ ಹ್ಯಾಂಡಲು ಕೆಳಗಿಡಲಿಲ್ಲ. ಇಂಜಿನ್ನು ಕಾದ ಮೇಲೆ ಪ್ಯಾಕಿಂಗು ಅಮುಕಿ ಕೂರುತ್ತದೆ, ನಟ್ಟು ಸಡಿಲಾಗುತ್ತವೆ. ಅವನ್ನು ಮತ್ತೆ ಬಿಗಿದರೆ ಹೆಡ್ಡು ಕೂದಲೆಳೆಯಷ್ಟು ಇಳಿದು ವಾಲ್ವಿನ ಸಂದು ಕಿರಿದಾಗುತ್ತದೆ. ಆಮೇಲೆ ಬ್ಲೇಡು ಹಾಕಿ ಎಲ್ಲ ಮತ್ತೆ ನೋಡಬೇಕು. ಅಂದರೆ ಇದನ್ನು ಬಂದ್ ಮಾಡಬೇಕು. ಬಂದ್ ಮಾಡಿದರೆ ಮತ್ತೆ ಹ್ಯಾಂಡಲು.

ಸ್ವಲ್ಪ ಹೊತ್ತು ಓಡಲು ಬಿಟ್ಟು ನೀರಿನ ಕೊಳವೆ ಮುಟ್ಟಿ ನೋಡಿದಳು. ಬಿಸಿಯಾಗಿತ್ತು.

“ಬಂದ್ ಮಾಡ್ಲೇನ್ರಿ?”

“ಬ್ಯಾಡ, ನಡೀಲಿ ಬಿಡು,” ಎಂದ ಫಕೀರಸಾಬ ತಟ್ಟನೆ. “ಈ ಪ್ಯಾಕಿಂಗ ಬ್ಯಾರೆ ನಮೂನಿ ಐತಿ. ಮತ್ತ ಬಿಗಿಯೂದು ಬೇಕಾಗಿಲ್ಲ.”

“ಹ್ವಾದ ಸಲ ಬಿಗಿದಿದ್ರೆಲ್ಲಾ?”

“ಅದು ಬ್ಯಾರೆ.”

“ನನ್ನ ಕಡೆ ನೋಡಿ ಹೇಳ್ರಿ.”

ಅವನು ನೋಡಲಿಲ್ಲ. ಪಟ್ಟಿಯ ಹೊರಗೆ ಚಾಚಿದ ಬೆರಳುಗಳನ್ನೇ ನೋಡುತ್ತ ಕುಳಿತ. ಇಂಜಿನ್ನಿನ ವಿಷಯದಲ್ಲಿ ಅವನು ಸುಳ್ಳು ಹೇಳಿದ್ದನ್ನು ಅವಳು ಎಂದೂ ಕೇಳಿರಲಿಲ್ಲ. ತನಗಿಂತ ಅವನೇ ಹೆಚ್ಚು ಹೆದರಿದ್ದಾನೆ ಎಂದು ತಿಳಿದಾಗ ಅವಳ ಹೆದರಿಕೆ ಇಮ್ಮಡಿಯಾಯಿತು. ಆದರೂ ಕೈ ಚಾಚಿ ಎಣ್ಣೆ ನಿಲ್ಲಿಸಿದಳು.

ಗಾಲಿಗಳು ನಿಧಾನವಾಗಿ ನಿಂತವು.

“ಅಯ್ಯ ಹುಚ್ಚಿ!” ಮರೆವ್ವ ಹಣೆ ಬಡಿದುಕೊಂಡಳು. “ಚಾಲೂ ಆಗಿದ್ದನ್ನ ಯಾರರ ಬಂದ್ ಮಾಡ್ತಾರೇನ?”

“ಸ್ವಲ್ಪ ತಡೀರಿ ಯಕ್ಕಾ. ತಣ್ಣಗಾಗಬೇಕು.”

ಬಿಸಿಯಿರುವಾಗಲೇ ನಟ್ಟು ಬಿಗಿದಳು. ಒಂದೊಂದೂ ಕಾಲು ಸುತ್ತು ತಿರುಗಿತು. ತಣಿಯುವವರೆಗೆ ಕೂರುವುದೇ ಕಷ್ಟವಾಯಿತು. ಕೈಗೆ ಕೆಲಸವಿಲ್ಲದಾಗ ಎಲುಬಿನ ಆ ಸದ್ದು ಕಿವಿಗೆ ಬರುತ್ತಿತ್ತು. ಕಬ್ಬಿಣ ತಣ್ಣಗಾದ ಮೇಲೆ ಬ್ಲೇಡು ಹಿಡಿದಳು. ಎರಡು ಹೋಗಲಿಲ್ಲ. ಒಂದನ್ನು ತೆಗೆದು ನೋಡಿದಳು, ಒಂದೂ ಹೋಗಲಿಲ್ಲ. ಫಕೀರಸಾಬನ ಮುಂದೆ ಆ ಬ್ಲೇಡು ಹಿಡಿದು ತೋರಿಸಿದಳು. ತಿರುಪು ಸಡಿಲಿಸಿ, ಸಂದು ಕೂಡಿಸಿ, ಮತ್ತೆ ಬಿಗಿದಳು.

ಹಿಡಿಕೆ ಎತ್ತಿಟ್ಟು ಮತ್ತೆ ಹ್ಯಾಂಡಲು ಹಿಡಿದಳು. ಮೊದಲ ಸಲ ಏನೂ ಆಗಲಿಲ್ಲ, ಆದ್ದರಿಂದ ಈ ಸಲ ಆಗಿಯೇ ಆಗುತ್ತದೆ ಎಂದು ಮನಸ್ಸು ಹೇಳುತ್ತಿತ್ತು. ಹೆಬ್ಬೆರಳನ್ನು ಹೊರಗಿಟ್ಟಳು. ತಿರುಗಿಸಿದಳು. ವೇಗ ಸಾಕು ಅನಿಸಿದಾಗಲೂ ಬಿಡದೆ ಇನ್ನೊಂದು ಸುತ್ತು, ಮತ್ತೊಂದು ಸುತ್ತು. ಆಮೇಲೆ ಹಿಡಿಕೆ ಬಿಟ್ಟಳು.

ಹತ್ತಿತು.

ಫಕೀರಸಾಬ ಗೋಡೆಗೆ ಮುಖ ಮಾಡಿ ನಿಂತಿದ್ದ.

“ಆತ್ರಿ, ಈ ಕಡೆ ತಿರುಗ್ರಿ,” ಎಂದಳು. ಅವನು ತಿರುಗಿ ಮೊದಲು ನೋಡಿದ್ದು ಇಂಜಿನ್ನನ್ನಲ್ಲ, ಅವಳ ಮುಂಗೈಯನ್ನು.

ಬೀಸುವ ಕಲ್ಲನ್ನು ತಿರುಗಿಸುವ ಪಟ್ಟಾವನ್ನು ಅದರ ಗಾಲಿಯ ಮೇಲೆ ದಬ್ಬಲು ಹೋದಳು. ಒಬ್ಬಳಿಂದ ಆಗಲಿಲ್ಲ. ಅವನು ಹತ್ತಿರ ಬಂದು ಎಡಗೈ ಕೂಡಿಸಿದ. ಇಬ್ಬರೂ ಸೇರಿ ದಬ್ಬಿದರು. ಮರೆವ್ವ ಬೈಯುತ್ತಲೇ ಜೋಳ ಸುರಿದಳು. ಬೆಚ್ಚನೆಯ ಹಿಟ್ಟು ಬೀಳತೊಡಗಿತು. ನಾಳೆ ಬೆಳಿಗ್ಗೆ ಇದನ್ನು ಮತ್ತೆ ತಿರುಗಿಸಬೇಕು ಎಂಬುದು ಬಿಬಿಜಾನಳಿಗೆ ಆಗಲೇ ನೆನಪಾಗಿತ್ತು.